ಆರು ಅಡಿಯ ಹವಳದ ಅಕ್ವೇರಿಯಂ ಮನೆಗೆ ತರುವ ಮುನ್ನ

ಪ್ರಶ್ನೆ: ಎಂಟು ವರ್ಷಗಳಿಂದ ಮನೆಯಲ್ಲಿ ಸಿಹಿನೀರಿನ ಅಕ್ವೇರಿಯಂ ಇಟ್ಟುಕೊಂಡಿದ್ದೇನೆ, ಗಿಡಗಳಿರುವ ನಾಲ್ಕು ಅಡಿಯ ತೊಟ್ಟಿ ಈಗ ಹೆಚ್ಚಿನ ತೊಂದರೆ ಕೊಡುತ್ತಿಲ್ಲ. ಮೊದಲ ಮಹಡಿಯಲ್ಲಿರುವ ನಮ್ಮ ಹಾಲ್‌ನ ಗೋಡೆಯುದ್ದಕ್ಕೂ 180 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ ಮತ್ತು 60 ಸೆಂ.ಮೀ. ಎತ್ತರದ ಉಪ್ಪುನೀರಿನ ಹವಳದ ಅಕ್ವೇರಿಯಂ ಮಾಡಿಸಬೇಕೆಂದಿದ್ದೇನೆ. ತೊಟ್ಟಿ ದೊಡ್ಡದಾದಷ್ಟೂ ನಿರ್ವಹಣೆ ಸುಲಭ, ಬಾಟಲಿಯ ಬ್ಯಾಕ್ಟೀರಿಯಾ ಹಾಕಿದರೆ ಮೂರನೆಯ ದಿನವೇ ಮೀನು ಬಿಡಬಹುದು, ಒಳ್ಳೆಯ ಸ್ಕಿಮ್ಮರ್ (ನೊರೆಯ ಮೂಲಕ ಕೊಳೆ ತೆಗೆಯುವ ಯಂತ್ರ) ಇದ್ದರೆ ನೀರು ಬದಲಾಯಿಸುವುದೇ ಬೇಡ ಎಂದು ಮಾರಾಟಗಾರರು ಹೇಳುತ್ತಾರೆ. ಒಂದು ಜೋಡಿ ಕ್ಲೌನ್ ಫಿಶ್, ಅವಕ್ಕೊಂದು ಅನಿಮೋನಿ (ಹೂವಿನಂತೆ ಕಾಣುವ ಕಡಲಜೀವಿ), ಒಂದು ಬ್ಲೂ ಟ್ಯಾಂಗ್, ಒಂದು ಮ್ಯಾಂಡರಿನ್ ಮೀನು ಮತ್ತು ಬಣ್ಣಬಣ್ಣದ ಹವಳಗಳನ್ನು ಸಾಕುವ ಆಸೆಯಿದೆ. ನೆಲ ಇಷ್ಟು ಭಾರ ತಡೆಯುತ್ತದೆಯೇ, ಉಪ್ಪಿನ ಗಾಳಿಗೆ ಸಾಮಾನುಗಳು ತುಕ್ಕು ಹಿಡಿಯುತ್ತವೆಯೇ ಎಂಬುದು ನನ್ನ ಪತ್ನಿಯ ಚಿಂತೆ. ಆಗಾಗ ಮೂರು ನಾಲ್ಕು ಗಂಟೆ ವಿದ್ಯುತ್ ಹೋಗುತ್ತದೆ. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ. ಹಳೆಯ ತೊಟ್ಟಿಯ ಕಲ್ಲು ಮತ್ತು ಫಿಲ್ಟರ್‌ಗಳನ್ನು ಇದಕ್ಕೆ ಬಳಸಬಹುದೇ? ಒಟ್ಟಿನಲ್ಲಿ, ಇದಕ್ಕೆ ಕೈಹಾಕಬಹುದೇ?

ಉತ್ತರ: ನೀವು ಹಲವು ಪ್ರಶ್ನೆಗಳನ್ನು ಕೇಳಿದ್ದೀರಿ, ಆದರೆ ಅವೆಲ್ಲದರ ಹಿಂದಿರುವ ಅಳುಕು ಒಂದೇ: ಇಷ್ಟು ಹಣವನ್ನೂ ಜಾಗವನ್ನೂ ಇಷ್ಟೊಂದು ಜೀವಗಳನ್ನೂ ತೊಡಗಿಸಿದ ಮೇಲೆ ಎಲ್ಲವೂ ಕೈಮೀರಿ ಹೋದರೆ ಏನು ಮಾಡುವುದು? ಇಂತಹ ತೊಟ್ಟಿಗಳನ್ನು ಕಟ್ಟಿಕೊಡುವುದು ಮತ್ತು ಕೆಟ್ಟವನ್ನು ಸರಿಪಡಿಸುವುದು ನನ್ನ ಇಪ್ಪತ್ತು ವರ್ಷಗಳ ಕಸುಬು. ನಾನು ಕಂಡಂತೆ, ಮುಚ್ಚಿಹೋದ ಹವಳದ ತೊಟ್ಟಿಗಳಲ್ಲಿ ರೋಗದಿಂದಲೋ ದೀಪದ ದೋಷದಿಂದಲೋ ಹಾಳಾದವು ಕಡಿಮೆ. ನೀರು ತಯಾರಿಸಿ, ಹೊತ್ತು, ಬದಲಾಯಿಸಿ ಬೇಸತ್ತ ಮಾಲೀಕರು ಒಂದು ವಾರ ಬಿಟ್ಟು, ಆಮೇಲೆ ಒಂದು ತಿಂಗಳು ಬಿಟ್ಟು, ಕೊನೆಗೆ ಕೈಚೆಲ್ಲಿದ್ದರಿಂದ ಹಾಳಾದವೇ ಹೆಚ್ಚು. ಆದ್ದರಿಂದ ಗೋಡೆಯ ಉದ್ದವನ್ನು ನೋಡಿ ತೊಟ್ಟಿಯ ಅಳತೆಯನ್ನು ನಿಶ್ಚಯಿಸಬೇಡಿ. ವಾರಕ್ಕೆ ಎಷ್ಟು ಲೀಟರ್ ನೀರನ್ನು ಬೇಸರವಿಲ್ಲದೆ ತಯಾರಿಸಿ ಬದಲಾಯಿಸಬಲ್ಲೆ ಎಂಬುದನ್ನು ನೋಡಿ ನಿಶ್ಚಯಿಸಿ. ಮುಂದೆ ನಾನು ಬರೆಯುವುದೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ.

ಮೊದಲು ನಿಮ್ಮ ಪತ್ನಿಯವರ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಅತ್ಯಂತ ಮುಖ್ಯವಾದದ್ದು ಅದೇ. ನೀವು ಹೇಳಿದ ಹೊರ ಅಳತೆಯ ತೊಟ್ಟಿಯ ಗಾತ್ರ ಕಾಗದದ ಮೇಲೆ ಸುಮಾರು 650 ಲೀಟರ್. ಗಾಜಿನ ದಪ್ಪ, ಬಂಡೆಗಳು ಮತ್ತು ಮೇಲೆ ಬಿಡುವ ಅಂಚನ್ನು ಕಳೆದರೆ ನಿಜವಾಗಿ ಹಿಡಿಯುವ ನೀರು 550 ಲೀಟರಿನ ಆಸುಪಾಸು. ಇದಕ್ಕೆ ಕೆಳಗಿನ ಸಂಪ್‌ನ 150 ಲೀಟರ್ ಸೇರಬೇಕು. (ಸಂಪ್ ಎಂದೊಡನೆ ನೆಲದಡಿಯ ನೀರಿನ ತೊಟ್ಟಿ ನೆನಪಾಗಬಹುದು, ಇಲ್ಲಿ ಅದು ಸ್ಟ್ಯಾಂಡಿನೊಳಗೆ ಅಡಗಿರುವ, ಸ್ಕಿಮ್ಮರ್ ಮತ್ತು ಹೀಟರ್‌ಗಳನ್ನು ಇಡುವ ಎರಡನೆಯ ಗಾಜಿನ ತೊಟ್ಟಿ.) ಒಟ್ಟು 700 ಲೀಟರ್ ಉಪ್ಪುನೀರು ಸುಮಾರು 720 ಕೆಜಿ ತೂಗುತ್ತದೆ. 15 ಮಿ.ಮೀ. ದಪ್ಪದ ಗಾಜಿನಲ್ಲಿ ಕಟ್ಟಿದರೆ ತೊಟ್ಟಿಯೇ 150 ಕೆಜಿ; ಬಂಡೆ, ಮರಳು, ಸ್ಟ್ಯಾಂಡ್ ಮತ್ತು ಉಪಕರಣಗಳೆಲ್ಲ ಸೇರಿ ಇನ್ನೂ 200 ಕೆಜಿಗೆ ಕಡಿಮೆಯಿಲ್ಲ. ಅಂದರೆ ಒಂದು ಚದರ ಮೀಟರ್‌ಗಿಂತ ತುಸು ಹೆಚ್ಚಿನ ಜಾಗದಲ್ಲಿ 1,100 ಕೆಜಿಯಷ್ಟು ಭಾರ ಹಗಲಿರುಳೂ ನಿಂತಿರುತ್ತದೆ.

ವಾಸದ ಮನೆಯ ಮಹಡಿಗಳನ್ನು ಸಾಮಾನ್ಯವಾಗಿ ಚದರ ಮೀಟರ್‌ಗೆ 150ರಿಂದ 200 ಕೆಜಿಯ ಬಳಕೆಯ ಭಾರಕ್ಕೆಂದು ವಿನ್ಯಾಸ ಮಾಡುತ್ತಾರೆ. ಹಾಗೆಂದು ತೊಟ್ಟಿ ತುಂಬಿದೊಡನೆ ನೆಲ ಕುಸಿಯುತ್ತದೆ ಎಂದಲ್ಲ. ಆ ಅಂಕಿ ಇಡೀ ಕೋಣೆಗೆ ಹರಡಿದ ಭಾರದ ಲೆಕ್ಕ, ಮತ್ತು ಅದರಾಚೆಗೆ ಸುರಕ್ಷತೆಯ ಅಂತರವೂ ಇರುತ್ತದೆ. ತೊಲೆಯ ಮೇಲೆ ಅಥವಾ ಭಾರ ಹೊರುವ ಗೋಡೆಗೆ ಒತ್ತಿಕೊಂಡಂತೆ ಇಟ್ಟ ತೊಟ್ಟಿಗೂ ಸ್ಲ್ಯಾಬಿನ ನಡುಮಧ್ಯದಲ್ಲಿ ಇಟ್ಟ ತೊಟ್ಟಿಗೂ ಅಜಗಜಾಂತರ. ಆದರೆ ಇದನ್ನು ಅಕ್ವೇರಿಯಂ ಅಂಗಡಿಯವರು ಹೇಳಲಾರರು, ನಾನೂ ಹೇಳಲಾರೆ. ಮನೆಯ ನಕ್ಷೆಯನ್ನು ಹಿಡಿದು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಅವರ ಒಪ್ಪಿಗೆ ಸಿಗುವವರೆಗೆ ಮುಂಗಡ ಕೊಡಬೇಡಿ.

‘ದೊಡ್ಡ ತೊಟ್ಟಿ ಸುಲಭ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ನೀರು ಹೆಚ್ಚಿದ್ದಷ್ಟೂ ಉಷ್ಣತೆ ಮತ್ತು ಲವಣಾಂಶ ನಿಧಾನವಾಗಿ ಏರಿಳಿಯುತ್ತವೆ. ಒಂದು ಮೀನು ಕಣ್ಣಿಗೆ ಬೀಳದೆ ಸತ್ತರೂ ಅದರ ವಿಷ ತೆಳುವಾಗುತ್ತದೆ. ಆದರೆ ನಿಧಾನವಾಗಿ ಕೆಡುವ ನೀರು ಸರಿಯಾಗುವುದೂ ನಿಧಾನವಾಗಿಯೇ. ನಿಮ್ಮ 700 ಲೀಟರಿಗೆ ಮೊದಲ ದಿನವೇ 25 ಕೆಜಿ ಉಪ್ಪು ಬೇಕು. ವಾರಕ್ಕೆ ಹತ್ತು ಶೇಕಡಾ ನೀರು ಬದಲಾಯಿಸುವುದೆಂದರೆ 70 ಲೀಟರ್ ನೀರು ಮತ್ತು ಎರಡೂವರೆ ಕೆಜಿ ಉಪ್ಪು. ಇದಲ್ಲದೆ ದಿನಕ್ಕೆ ಒಂದು ಶೇಕಡಾದಷ್ಟು, ಅಂದರೆ ಸುಮಾರು 7 ಲೀಟರ್ ನೀರು ಆವಿಯಾಗಿ ಹೋಗುತ್ತದೆ; ಸೆಕೆಯ ದಿನಗಳಲ್ಲಿ ಫ್ಯಾನ್ ಹಾಕಿದರೆ ಇನ್ನೂ ಹೆಚ್ಚು. ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆ ಉಳಿಯುತ್ತದೆ. ಹಾಗಾಗಿ ಆ ಕೊರತೆಯನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ಸಿಹಿನೀರಿನಿಂದ ಬಂದವರಲ್ಲಿ ಹಲವರು ಮೊದಲ ತಿಂಗಳು ಇಲ್ಲಿ ಎಡವುತ್ತಾರೆ: ಕಡಿಮೆಯಾದ ನೀರಿಗೆ ಪ್ರತಿದಿನವೂ ಉಪ್ಪುನೀರನ್ನೇ ಸುರಿದು ತೊಟ್ಟಿಯನ್ನು ಉಪ್ಪಿನ ಗದ್ದೆ ಮಾಡಿಬಿಡುತ್ತಾರೆ. ಮಟ್ಟ ಇಳಿದೊಡನೆ ತಾನೇ ನೀರು ತುಂಬುವ ಸಾಧನವನ್ನು ನಿಮ್ಮ ಅಳತೆಯ ತೊಟ್ಟಿಗೆ ಐಚ್ಛಿಕವೆಂದು ನಾನು ಎಣಿಸುವುದಿಲ್ಲ.

ಈ ನೀರು ನಲ್ಲಿಯದಾಗಬಾರದು. ನಲ್ಲಿ ನೀರಿನ ಫಾಸ್ಫೇಟ್, ನೈಟ್ರೇಟ್ ಮತ್ತು ಸಿಲಿಕೇಟ್ ಪಾಚಿಗೆ ಗೊಬ್ಬರ. ಹಳೆಯ ಕೊಳವೆಗಳಿಂದ ಬರುವ ತಾಮ್ರ ಬಲು ಸಣ್ಣ ಪ್ರಮಾಣದಲ್ಲಿದ್ದರೂ ಹವಳ, ಸೀಗಡಿ ಮತ್ತು ಬಸವನಹುಳುಗಳಿಗೆ ವಿಷ. ಆರ್‌ಒ ಪೊರೆಯ ನಂತರ ಉಳಿದ ಲವಣಗಳನ್ನು ಹೀರುವ ಡಿಐ ರಾಳವನ್ನೂ ದಾಟಿಬಂದ, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ ಸೊನ್ನೆ ತೋರಿಸುವ ನೀರು ಬೇಕು. ಕುಡಿಯುವ ನೀರಿನ ಆರ್‌ಒ ಯಂತ್ರ ಸಾಲದು. ಹೀಗೆ ಸಿಗುವ ಪ್ರತಿ ಲೀಟರಿಗೆ ಎರಡರಿಂದ ನಾಲ್ಕು ಲೀಟರ್ ನೀರು ಹೊರಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಮುದ್ರದಿಂದಲೇ ನೀರು ತರಬಹುದಲ್ಲ ಎಂದು ಕೇಳುವವರಿದ್ದಾರೆ. ದಡದ ನೀರಿನಲ್ಲಿ ಮಳೆ, ಚರಂಡಿ ಮತ್ತು ದೋಣಿಯ ಎಣ್ಣೆ ಎಷ್ಟೆಷ್ಟು ಬೆರೆತಿವೆ ಎಂಬುದು ಪ್ರತಿ ಸಲವೂ ಬೇರೆ. ಅಡುಗೆಯ ಉಪ್ಪಂತೂ ಬಹುಮಟ್ಟಿಗೆ ಸೋಡಿಯಂ ಕ್ಲೋರೈಡ್ ಮಾತ್ರ. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್‌ಗಳು ಅದರಲ್ಲಿಲ್ಲ. ಅಕ್ವೇರಿಯಂಗೆಂದೇ ತಯಾರಿಸಿದ ಉಪ್ಪನ್ನು ಬೇರೆ ಪಾತ್ರೆಯಲ್ಲಿ ಕಲಸಿ, ಪಂಪ್ ಹಾಕಿ ತಿರುಗಿಸಿ, ಸಾವಿರದಲ್ಲಿ 35 ಭಾಗ ಲವಣಾಂಶಕ್ಕೆ, ಅಂದರೆ ಸುಮಾರು 1.026 ಸಾಪೇಕ್ಷ ಸಾಂದ್ರತೆಗೆ ತಂದ ಮೇಲೆಯೇ ತೊಟ್ಟಿಗೆ ಹಾಕಬೇಕು.

ಬಾಟಲಿಯ ಬ್ಯಾಕ್ಟೀರಿಯಾ ಪೂರ್ತಿ ಸುಳ್ಳಲ್ಲ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನಿಮಗೆ ಹಳೆಯ ಪರಿಚಯ. ಒಳ್ಳೆಯ ಬಾಟಲಿಯಲ್ಲಿ ಅವು ಜೀವಂತವಾಗಿಯೇ ಇರುತ್ತವೆ ಮತ್ತು ಕಾಯುವ ಅವಧಿಯನ್ನು ಕಡಿಮೆ ಮಾಡುತ್ತವೆ. ಆದರೆ ಬಾಟಲಿ ಬಿಸಿಲಿನಲ್ಲಿ ಎಷ್ಟು ದಿನ ಕುಳಿತಿತ್ತು ಎಂಬುದು ಅದರ ಚೀಟಿಯಲ್ಲಿ ಬರೆದಿರುವುದಿಲ್ಲ. ಆದ್ದರಿಂದ ದಿನ ಎಣಿಸಬೇಡಿ, ಪರೀಕ್ಷೆ ಮಾಡಿ: ಮೀನಿಲ್ಲದ ತೊಟ್ಟಿಗೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗುವಷ್ಟು ಅಮೋನಿಯಂ ಕ್ಲೋರೈಡ್ ಹಾಕಿ, 24 ಗಂಟೆಗಳಲ್ಲಿ ಅದು ಸೊನ್ನೆಗೆ ಇಳಿದರೆ ತೊಟ್ಟಿ ಮೊದಲ ಮೀನಿಗೆ ಸಿದ್ಧ. ಸಾಮಾನ್ಯವಾಗಿ ಇದಕ್ಕೆ ಮೂರರಿಂದ ಆರು ವಾರ ಹಿಡಿಯುತ್ತದೆ. ಇಲ್ಲಿ ನಿಮ್ಮ ಹಳೆಯ ಅನುಭವ ಒಂದು ಕಡೆ ದಾರಿ ತಪ್ಪಿಸಬಹುದು. ಸಿಹಿನೀರಿನಲ್ಲಿ ನೈಟ್ರೈಟ್ ಕಂಡರೆ ನೀವು ಹೆದರುತ್ತಿದ್ದಿರಿ. ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಕ್ಲೋರೈಡ್ ಕಿವಿರುಗಳಲ್ಲಿ ನೈಟ್ರೈಟನ್ನು ತಡೆಯುವುದರಿಂದ ಅದರ ಅಪಾಯ ಬಹಳ ಕಡಿಮೆ. ಬದಲಿಗೆ ಪಿಎಚ್ 8ರ ಮೇಲಿರುವುದರಿಂದ ಅಮೋನಿಯಾ ಅಲ್ಲಿಗಿಂತ ಇಲ್ಲಿ ಹೆಚ್ಚು ವಿಷಕಾರಿ.

ಈ ಬ್ಯಾಕ್ಟೀರಿಯಾಗಳ ನಿಜವಾದ ಮನೆ ಫಿಲ್ಟರ್ ಅಲ್ಲ, ಬಂಡೆ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬ ಹವ್ಯಾಸಿ, ಯಾವ ಫಿಲ್ಟರನ್ನೂ ನೆಚ್ಚದೆ, ಸಮುದ್ರದಿಂದ ತಂದ ಜೀವಂತ ಬಂಡೆ ಮತ್ತು ಗಾಳಿಯ ಗುಳ್ಳೆಗಳಿಂದಲೇ ಹವಳಗಳನ್ನು ಉಳಿಸಿಕೊಳ್ಳಬಹುದೆಂದು ಬರೆದಾಗ ಅದು ಬಹಳ ಜನಕ್ಕೆ ವಿಚಿತ್ರವಾಗಿ ಕಂಡಿತ್ತು. ರಂಧ್ರಮಯವಾದ ಬಂಡೆಯ ಹೊರಮೈಯಲ್ಲಿ ಆಮ್ಲಜನಕ ಬೇಕಾದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಅರಗಿಸುತ್ತವೆ. ಆಮ್ಲಜನಕ ತಲುಪದ ಒಳಭಾಗದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಇಂದು ಒಣ ಬಂಡೆಯಿಂದ ಶುರು ಮಾಡುವುದೇ ಹೆಚ್ಚು, ನಾನೂ ಅದನ್ನೇ ಹೇಳುತ್ತೇನೆ: ಹವಳ ತಿನ್ನುವ ಏಡಿಯೋ ಒಮ್ಮೆ ಬಂದರೆ ಬಿಡದ ಐಪ್ಟೇಸಿಯಾ ಎಂಬ ಕಳೆಯಂತಹ ಅನಿಮೋನಿಯೋ ಅದರೊಂದಿಗೆ ಬರುವುದಿಲ್ಲ. ಆದರೆ ಒಣ ಬಂಡೆಯ ತೊಟ್ಟಿ ಮೊದಲ ಆರು ತಿಂಗಳು ಕುರೂಪವಾಗಿಯೇ ಇರುತ್ತದೆ. ಮೊದಲು ಕಂದು ಧೂಳಿನಂತಹ ಡಯಾಟಮ್, ಆಮೇಲೆ ಕೂದಲಿನಂತಹ ಹಸಿರು ಪಾಚಿ, ನಡುವೆ ಕೆಂಪು ಲೋಳೆಯ ಸಯನೋಬ್ಯಾಕ್ಟೀರಿಯಾ ಸರದಿಯಲ್ಲಿ ಬರುತ್ತವೆ. ಈ ಅವಧಿಯಲ್ಲಿ ಗಾಬರಿಯಾಗಿ ಬಾಟಲಿ ಬಾಟಲಿ ಔಷಧ ಸುರಿದವರ ತೊಟ್ಟಿಗಳಿಗೇ ನನಗೆ ಹೆಚ್ಚು ಕರೆ ಬರುತ್ತದೆ. ಬಸವನಹುಳುಗಳನ್ನು ಬಿಟ್ಟು, ಕೈಯಿಂದ ಪಾಚಿ ಕಿತ್ತು, ಕಾಯುವುದೇ ಇಲ್ಲಿನ ಚಿಕಿತ್ಸೆ.

ಇನ್ನು ಸ್ಕಿಮ್ಮರ್. ಸಣ್ಣ ಗುಳ್ಳೆಗಳ ಮೇಲ್ಮೈಗೆ ಅಂಟುವ ಪ್ರೋಟೀನು ಮತ್ತಿತರ ಸಾವಯವ ಕಶ್ಮಲವನ್ನು, ಕೊಳೆತು ಅಮೋನಿಯಾ ಆಗುವ ಮೊದಲೇ, ನೊರೆಯ ರೂಪದಲ್ಲಿ ಹೊರಗೆಳೆಯುವ ಯಂತ್ರವದು. ನಿಮ್ಮ ತೊಟ್ಟಿಗೆ ಅದು ಬೇಕೇ ಬೇಕು. ಆದರೆ ಈಗಾಗಲೇ ಆಗಿಹೋದ ನೈಟ್ರೇಟನ್ನು ಅದು ತೆಗೆಯಲಾರದು, ಹವಳಗಳು ಖಾಲಿ ಮಾಡಿದ ಖನಿಜಗಳನ್ನು ಮರಳಿ ಕೊಡಲಾರದು. ಗಟ್ಟಿ ಹವಳ ತನ್ನ ಎಲುಬನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ, ಎಂದರೆ ಸುಣ್ಣಕಲ್ಲಿನಿಂದ ಕಟ್ಟುತ್ತದೆ. ಆ ಸುಣ್ಣ ನೀರಿನಿಂದಲೇ ಬರಬೇಕು. ಕ್ಷಾರೀಯತೆ (ನೀರಿನಲ್ಲಿರುವ ಬೈಕಾರ್ಬೊನೇಟ್, ಕಾರ್ಬೊನೇಟ್‌ಗಳ ಅಳತೆ; ಅದರ ಮಾನ ಡಿಕೆಎಚ್) ಒಂದು ಡಿಕೆಎಚ್ ಇಳಿಯುವಷ್ಟರಲ್ಲಿ ಕ್ಯಾಲ್ಸಿಯಂ ಲೀಟರಿಗೆ ಕೇವಲ 7 ಮಿಲಿಗ್ರಾಂ ಇಳಿದಿರುತ್ತದೆ. ಕ್ಯಾಲ್ಸಿಯಂ 420ರ ಸುತ್ತ ಇರುವಲ್ಲಿ 7 ಕಡಿಮೆಯಾದರೆ ನಿಮ್ಮ ಪರೀಕ್ಷೆಯ ಕಿಟ್‌ಗೆ ಗೊತ್ತೂ ಆಗುವುದಿಲ್ಲ, ಆದರೆ 8 ಡಿಕೆಎಚ್ ಇದ್ದದ್ದು 7ಕ್ಕೆ ಬಂದರೆ ಹವಳಕ್ಕೆ ಗೊತ್ತಾಗುತ್ತದೆ. ಆದ್ದರಿಂದ ಒಂದೇ ಒಂದು ಪರೀಕ್ಷೆಗೆ ಸಮಯವಿದ್ದರೆ ಕ್ಷಾರೀಯತೆಯನ್ನು ಪರೀಕ್ಷಿಸಿ. 7ರಿಂದ 9ರ ನಡುವೆ ಯಾವುದಾದರೂ ಒಂದು ಅಂಕಿಯನ್ನು ಹಿಡಿದು, ಅಲ್ಲಿಯೇ ಕದಲದಂತೆ ನಿಲ್ಲಿಸಿ. ಹವಳಗಳು ಕಡಿಮೆಯಿರುವಾಗ ವಾರದ ನೀರಿನ ಬದಲಾವಣೆಯೇ ಈ ಕೊರತೆಯನ್ನು ತುಂಬುತ್ತದೆ. ಹೆಚ್ಚಾದಂತೆ ತಿಳಿ ಸುಣ್ಣದ ನೀರನ್ನು ಹನಿಹನಿಯಾಗಿ ಬಿಡುವುದೋ, ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್‌ಗಳ ಎರಡು ದ್ರಾವಣಗಳನ್ನು ಬೇರೆ ಬೇರೆಯಾಗಿ ಹಾಕುವುದೋ ಬೇಕಾಗುತ್ತದೆ. ಸುಣ್ಣದ ನೀರಿನ ಪಿಎಚ್ 12ಕ್ಕಿಂತ ಹೆಚ್ಚು. ತುಂಬುವ ಸಾಧನ ಕೆಟ್ಟು ಒಮ್ಮೆಗೇ ಹತ್ತು ಲೀಟರ್ ಸುರಿದರೆ ನೀರು ಹಾಲಿನಂತಾಗಿ, ಬೆಳಗಾಗುವುದರೊಳಗೆ ತೊಟ್ಟಿಯಲ್ಲಿ ಜೀವವೇ ಉಳಿಯುವುದಿಲ್ಲ.

ನೈಟ್ರೇಟ್ ಮತ್ತು ಫಾಸ್ಫೇಟ್ ಸೊನ್ನೆಯಿದ್ದಷ್ಟೂ ಒಳ್ಳೆಯದು ಎಂಬ ಮಾತನ್ನೂ ನೀವು ಕೇಳುವಿರಿ. ಅದು ತಪ್ಪು. ಹವಳದ ಅಂಗಾಂಶದೊಳಗೆ ವಾಸಿಸುತ್ತ ಬೆಳಕಿನಿಂದ ಅದಕ್ಕೆ ಆಹಾರ ತಯಾರಿಸಿಕೊಡುವ ಸೂಕ್ಷ್ಮ ಪಾಚಿಗೂ ಗೊಬ್ಬರ ಬೇಕು. ಎರಡೂ ಸೊನ್ನೆಯಾದ ಎಳೆಯ ತೊಟ್ಟಿಗಳಲ್ಲಿ ಹವಳ ಮಾಸಿ, ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ ಎಲ್ಲವನ್ನೂ ಹೊದ್ದುಕೊಳ್ಳುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಲೀಟರಿಗೆ 2ರಿಂದ 10 ಮಿಲಿಗ್ರಾಂ ನೈಟ್ರೇಟ್, 0.03ರಿಂದ 0.1 ಮಿಲಿಗ್ರಾಂ ಫಾಸ್ಫೇಟ್ ಇದ್ದರೆ ನೆಮ್ಮದಿಯಾಗಿರಿ. ದೀಪ ಮತ್ತು ಹರಿವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ದಿನಕ್ಕೆ ಎಂಟರಿಂದ ಹತ್ತು ಗಂಟೆ ನೀಲಿ ಪ್ರಧಾನವಾದ ಎಲ್‌ಇಡಿ ಬೆಳಕು ಸಾಕು, ಮೆದು ಹವಳಗಳಿಗೆ 50ರಿಂದ 150 ಪಾರ್ (ಪಾಚಿಗೆ ಉಪಯೋಗವಾಗುವ ಬೆಳಕಿನ ಅಳತೆ) ಸಾಕಾದರೆ ಅಕ್ರೊಪೋರಾದಂತಹ ಗಟ್ಟಿ ಹವಳಗಳಿಗೆ 200ರಿಂದ 350 ಬೇಕು, ಮತ್ತು ಹೊಸ ದೀಪವನ್ನು ಮೊದಲ ದಿನವೇ ಪೂರ್ಣ ಶಕ್ತಿಯಲ್ಲಿ ಉರಿಸಿದರೆ ಹವಳ ಸುಟ್ಟುಹೋಗುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ನೀವು ಹೆದರುವುದು ಸರಿ, ಆದರೆ ಹೆದರಬೇಕಾದ್ದು ಬೇರೆ ಕಾರಣಕ್ಕೆ. ಎರಡು ದಿನ ದೀಪವಿಲ್ಲದಿದ್ದರೂ ಹವಳಕ್ಕೆ ಏನೂ ಆಗುವುದಿಲ್ಲ. ಹರಿವು ನಿಂತರೆ ಆಗುತ್ತದೆ. ಉಪ್ಪುನೀರಿನಲ್ಲಿ, ಅದರಲ್ಲೂ ಬೆಚ್ಚಗಿನ ನೀರಿನಲ್ಲಿ, ಆಮ್ಲಜನಕ ಕರಗುವುದೇ ಕಡಿಮೆ. ಪಂಪುಗಳೆಲ್ಲ ನಿಂತಾಗ ಮೀನು, ಹವಳ, ಬ್ಯಾಕ್ಟೀರಿಯಾ ಎಲ್ಲವೂ ಅದೇ ಸ್ವಲ್ಪ ಆಮ್ಲಜನಕವನ್ನು ಹಂಚಿಕೊಳ್ಳುತ್ತವೆ. ಮೀನುಗಳು ತುಂಬಿರುವ ತೊಟ್ಟಿಯಲ್ಲಿ ರಾತ್ರಿಯ ನಾಲ್ಕು ಗಂಟೆ ಸಾವಿಗೆ ಸಾಕು. ಆದ್ದರಿಂದ ಇನ್ವರ್ಟರ್ ಅಥವಾ ಬ್ಯಾಟರಿಗೆ ಮೊದಲು ಜೋಡಿಸಬೇಕಾದ್ದು ತೊಟ್ಟಿಯೊಳಗೆ ನೀರನ್ನು ಹರಿಸುವ ಒಂದು ವೇವ್ ಮೇಕರ್ ಪಂಪ್, ಇಲ್ಲವೇ ಬ್ಯಾಟರಿಯ ಏರ್ ಪಂಪ್, ಆಮೇಲೆ ಸಂಪ್‌ನ ನೀರನ್ನು ಮೇಲಿನ ತೊಟ್ಟಿಗೆ ಮರಳಿಸುವ ರಿಟರ್ನ್ ಪಂಪ್, ದೀಪ ಕಟ್ಟಕಡೆಗೆ. ನೀರಿನ ಉಷ್ಣತೆ 25ರಿಂದ 26 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೇಸಿಗೆಯಲ್ಲಿ ಅದು 29, 30 ತಲುಪಿ ಅಲ್ಲಿಯೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಹಾಲ್‌ನಲ್ಲಿ ಸೆಕೆ ಹೆಚ್ಚಿದ್ದರೆ ನೀರನ್ನು ತಂಪಾಗಿಸುವ ಚಿಲ್ಲರ್‌ನ ಖರ್ಚನ್ನೂ ಅದು ಹೊರಬಿಡುವ ಬಿಸಿಗಾಳಿಯನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಎಲ್ಲ ಪ್ಲಗ್‌ಗಳೂ 30 ಮಿಲಿಆಂಪಿಯರ್‌ನಲ್ಲಿ ಕಡಿತವಾಗುವ ಸೋರಿಕೆ ರಕ್ಷಕದ ಮೂಲಕವೇ ಬರಬೇಕು.

ವಿದ್ಯುತ್ ಹೋದಾಗ ಇನ್ನೊಂದು ಅನಾಹುತವೂ ಆಗಬಹುದು. ಅದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತೆ. ನನ್ನ ಮೊದಲ ದೊಡ್ಡ ತೊಟ್ಟಿಯಲ್ಲಿ ರಿಟರ್ನ್ ಪೈಪಿನ ಬಾಯಿ ನೀರಿನೊಳಗೆ ಒಂದು ಗೇಣು ಮುಳುಗಿತ್ತು. ಪಂಪ್ ನಿಂತಾಗ ಪೈಪ್ ಸೈಫನ್ ಆಗಿ ನೀರನ್ನು ಹಿಂದಕ್ಕೆ ಎಳೆಯದಿರಲೆಂದು ಅದಕ್ಕೊಂದು ಸಣ್ಣ ರಂಧ್ರ ಕೊರೆದಿದ್ದೆ. ಕೆಲವು ತಿಂಗಳಲ್ಲಿ ಪಾಚಿ ಅದನ್ನು ಮುಚ್ಚಿದ್ದು ನನ್ನ ಗಮನಕ್ಕೆ ಬರಲಿಲ್ಲ. ಒಂದು ರಾತ್ರಿ ವಿದ್ಯುತ್ ಹೋಯಿತು, ಬೆಳಿಗ್ಗೆ ಎದ್ದಾಗ ಕಾಲಿಟ್ಟಲ್ಲೆಲ್ಲ ಉಪ್ಪುನೀರು. ಪೈಪಿನ ಬಾಯನ್ನು ನೀರಿನ ಮಟ್ಟಕ್ಕೆ ಎರಡು ಸೆಂಟಿಮೀಟರ್ ಕೆಳಗಷ್ಟೇ ಇಡಿ. ಸಂಪ್‌ನಲ್ಲಿ ಹಿಂದಿರುಗುವ ನೀರಿಗೆಲ್ಲ ಸಾಲುವಷ್ಟು ಖಾಲಿ ಜಾಗ ಬಿಡಿ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಇದೆಯೆಂದು ನಂಬಬೇಡಿ, ಒಂದು ಮರಳಿನ ಕಣ ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ. ತೊಟ್ಟಿಗೆ ಜೀವಿಗಳನ್ನು ಬಿಡುವ ಮೊದಲೇ ಮೇನ್ ಸ್ವಿಚ್ಚನ್ನು ಹತ್ತು ಸಲ ಆರಿಸಿ ನೋಡಿ.

ತುಕ್ಕಿನ ಚಿಂತೆಗೆ ಉತ್ತರ ಹೀಗಿದೆ: ಆವಿಯಲ್ಲಿ ಉಪ್ಪಿಲ್ಲ, ಆದರೆ ಒಡೆಯುವ ಗುಳ್ಳೆಗಳು ಎರಚುವ ಹನಿಗಳಲ್ಲಿದೆ. ತೊಟ್ಟಿಯಿಂದ ಒಂದು ಮಾರು ದೂರದೊಳಗಿನ ಲೋಹ, ಸ್ಟ್ಯಾಂಡಿನ ತಿರುಪು ಮತ್ತು ಪ್ಲಗ್‌ಗಳು ಬಿಳಿ ಪುಡಿ ಹಿಡಿಯುತ್ತವೆ; ಕೋಣೆಯ ಆಚೆ ಬದಿಯ ಸಾಮಾನಿಗೆ ಏನೂ ಆಗುವುದಿಲ್ಲ. ಅದಕ್ಕಿಂತ ದಿನಕ್ಕೆ 7 ಲೀಟರ್ ನೀರು ಕೋಣೆಯ ಗಾಳಿಗೆ ಸೇರುವುದೇ ದೊಡ್ಡ ವಿಷಯ. ಕಿಟಕಿ ಮುಚ್ಚಿಯೇ ಇರುವ ಹಾಲ್ ಆದರೆ ಗೋಡೆಯಲ್ಲಿ ಬೂಷ್ಟು ಬರುತ್ತದೆ, ಜನರ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ತೊಟ್ಟಿಯ ಪಿಎಚ್ ಕೂಡ ಇಳಿಯುತ್ತದೆ. ಗಾಳಿಯಾಡಬೇಕು.

ಈಗ ನಿಮ್ಮ ಮೀನುಗಳ ಪಟ್ಟಿ. ಕ್ಲೌನ್ ಫಿಶ್ ಉತ್ತಮ ಆಯ್ಕೆ. ತೊಟ್ಟಿಯಲ್ಲೇ ಮರಿ ಮಾಡಿಸಿದವು ಸಿಗುತ್ತವೆ, ಅವನ್ನೇ ಕೊಳ್ಳಿ. ಜೋಡಿ ಹುಡುಕುವ ಕಷ್ಟವೂ ಇಲ್ಲ, ಏಕೆಂದರೆ ಅವೆಲ್ಲ ಗಂಡಾಗಿಯೇ ಬೆಳೆದು, ಎರಡರಲ್ಲಿ ಬಲಶಾಲಿಯಾದದ್ದು ಹೆಣ್ಣಾಗುತ್ತದೆ. ಆದರೆ ಅವಕ್ಕೆ ಅನಿಮೋನಿ ಬೇಕೇ ಬೇಕೆಂಬುದು ತಪ್ಪು ತಿಳಿವಳಿಕೆ. ಕಾಡಿನಲ್ಲಿ ಜಿಂಕೆಗೆ ಪೊದೆ ಹೇಗೋ ಸಮುದ್ರದಲ್ಲಿ ಅವಕ್ಕೆ ಅನಿಮೋನಿ ಹಾಗೆ. ಬೇಟೆಗಾರರಿಲ್ಲದ ತೊಟ್ಟಿಯಲ್ಲಿ ಅದಿಲ್ಲದೆಯೇ ಮೊಟ್ಟೆಯಿಟ್ಟು ಬದುಕುತ್ತವೆ. ಅನಿಮೋನಿಗೆ ನೆಲೆಗೊಂಡ ತೊಟ್ಟಿ ಬೇಕು, ಮೊದಲ ವರ್ಷ ಅದರ ಯೋಚನೆ ಬೇಡ. ಇಷ್ಟವಾಗದ ಜಾಗದಿಂದ ಅದು ನಡೆದುಹೋಗುತ್ತದೆ, ಹೋಗಿ ಪಂಪಿಗೆ ಸಿಕ್ಕಿ ನುಚ್ಚಾದರೆ ಅದರ ವಿಷ ಇಡೀ ತೊಟ್ಟಿಗೆ ಹರಡುತ್ತದೆ. ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿದ್ದರೂ 30 ಸೆಂ.ಮೀ. ವರೆಗೆ ಬೆಳೆಯುವ, ದಿನವಿಡೀ ಈಜುವ ಮೀನು. ‘ತೊಟ್ಟಿಗೆ ತಕ್ಕಷ್ಟೇ ಮೀನು ಬೆಳೆಯುತ್ತದೆ’ ಎಂಬ ಮಾತನ್ನು ನಂಬಬೇಡಿ. ಆರು ಅಡಿಯ ತೊಟ್ಟಿ ಅದಕ್ಕೆ ಕನಿಷ್ಠ ಅಳತೆ. ಮ್ಯಾಂಡರಿನ್ ಬಗ್ಗೆ ನನಗೆ ಸಂಕಟವಿದೆ. ಅದು ಬಂಡೆಯ ಮೇಲೆ ಓಡಾಡುವ ಕೋಪೆಪಾಡ್ ಎಂಬ ಸೂಕ್ಷ್ಮ ಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುತ್ತದೆ; ಹೊಸ ತೊಟ್ಟಿಯಲ್ಲಿ ಅವಿರುವುದಿಲ್ಲ, ತಯಾರಿಸಿದ ಆಹಾರವನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮಾರಾಟವಾದ ಮ್ಯಾಂಡರಿನ್‌ಗಳಲ್ಲಿ ಬಹಳಷ್ಟು ಎಲ್ಲರ ಕಣ್ಣೆದುರೇ ಹಸಿದು ಸಾಯುತ್ತವೆ. ಒಂದೂವರೆ ವರ್ಷದ ನಂತರ, ರಾತ್ರಿ ಟಾರ್ಚ್ ಹಾಕಿದಾಗ ಗಾಜಿನ ಮೇಲೆ ಬಿಳಿ ಚುಕ್ಕೆಗಳು ಓಡಾಡುವುದು ಕಂಡರೆ ಆಗ ಯೋಚಿಸೋಣ.

ಪ್ರತಿ ಮೀನನ್ನೂ ಬೇರೆ ತೊಟ್ಟಿಯಲ್ಲಿ ನಾಲ್ಕು ವಾರವಾದರೂ ಪ್ರತ್ಯೇಕವಾಗಿಟ್ಟು ನೋಡಿ. ಸಮುದ್ರದ ಬಿಳಿ ಚುಕ್ಕೆ ರೋಗವನ್ನು ತರುವ ಪರೋಪಜೀವಿ ನಿಮಗೆ ಗೊತ್ತಿರುವ ಸಿಹಿನೀರಿನದಲ್ಲ. ನೀರಿನ ಬಿಸಿ ಏರಿಸುವ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ. ಅದಕ್ಕೆ ತಾಮ್ರದ ಔಷಧವಿದೆ, ಆದರೆ ತಾಮ್ರ ಹವಳವನ್ನು ಕೊಲ್ಲುತ್ತದೆ. ಒಮ್ಮೆ ಮುಖ್ಯ ತೊಟ್ಟಿಗೆ ಬಂದರೆ ಎಲ್ಲ ಮೀನುಗಳನ್ನೂ ಹಿಡಿದು ಹೊರತೆಗೆದು, ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಡುವುದು ರೂಢಿಯಲ್ಲಿರುವ ಕ್ರಮ. ಬಂಡೆಗಳ ನಡುವೆ ಅಡಗಿದ ಮೀನುಗಳನ್ನು ಹಿಡಿಯುವುದು ಎಂತಹ ಕೆಲಸವೆಂದು ಒಮ್ಮೆ ಮಾಡಿದವರು ಎಂದೂ ಮರೆಯುವುದಿಲ್ಲ.

ಮಗಳ ವಿಷಯವನ್ನು ನೀವು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ನಾನು ಅಲ್ಲಿ ಸ್ವಲ್ಪ ನಿಲ್ಲಬೇಕು. ಗುಂಡಿಗಳ ಹಾಸಿನಂತೆ ಬಣ್ಣಬಣ್ಣವಾಗಿ ಹರಡುವ ಜೋಆಂಥಿಡ್‌ಗಳು, ವಿಶೇಷವಾಗಿ ಪಾಲಿಥೋವಾ ಜಾತಿಯವು, ಹೊಸಬರಿಗೆ ಮೊದಲು ಕೊಡುವ ಅಗ್ಗದ ಹವಳಗಳು. ಅವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಅತಿ ತೀವ್ರ ವಿಷವನ್ನು ಹೊಂದಿರುತ್ತವೆ. ಕುದಿಸಿದರೆ ಆ ವಿಷ ನಾಶವಾಗುವುದಿಲ್ಲ, ಹಬೆಯೊಂದಿಗೆ ಗಾಳಿಗೆ ಸೇರುತ್ತದೆ. ಸಿಹಿನೀರಿನ ಹವ್ಯಾಸಿಗಳಿಗೆ ಕಲ್ಲನ್ನು ಕುದಿಸಿ ಶುದ್ಧ ಮಾಡುವ ಅಭ್ಯಾಸವಿದೆಯಲ್ಲ, ಅದನ್ನೇ ಇಲ್ಲಿಯೂ ಮಾಡಿ ಮನೆಮಂದಿಯೆಲ್ಲ ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ತೊಟ್ಟಿಯಲ್ಲಿದ್ದ ಬಂಡೆಯನ್ನು ಎಂದಿಗೂ ಕುದಿಸಬೇಡಿ, ಬಿಸಿನೀರು ಹಾಕಿ ಬ್ರಷ್‌ನಿಂದ ಉಜ್ಜಬೇಡಿ. ಹವಳ ಮುಟ್ಟುವಾಗ ಕೈಗವಸು, ಕತ್ತರಿಸುವಾಗ ಕನ್ನಡಕವೂ ಇರಲಿ. ಮಗಳು ಚಿಕ್ಕವಳಿರುವಷ್ಟು ಕಾಲ ನಿಮ್ಮ ಮನೆಗೆ ಪಾಲಿಥೋವಾ ಬೇಡವೇ ಬೇಡ ಎನ್ನುವುದು ನನ್ನ ಸಲಹೆ. ಮಶ್ರೂಮ್ ಮತ್ತು ಲೆದರ್ ಹವಳಗಳು ಅಷ್ಟೇ ಸುಲಭ, ಅಷ್ಟೇ ಚೆಂದ.

ಹಳೆಯ ತೊಟ್ಟಿಯ ಸಾಮಗ್ರಿಗಳ ಬಗ್ಗೆ: ಅದರಲ್ಲಿ ಎಂದಾದರೂ ತಾಮ್ರವಿರುವ ಔಷಧ ಬಳಸಿದ್ದರೆ ಕಲ್ಲು, ಮರಳು, ಫಿಲ್ಟರ್ ಏನನ್ನೂ ತರಬೇಡಿ. ಬಳಸಿರದಿದ್ದರೂ ಅಲ್ಲಿನ ಬ್ಯಾಕ್ಟೀರಿಯಾಗಳು ಉಪ್ಪುನೀರಿಗೆ ಹೊಂದುವುದಿಲ್ಲ. ಹೀಟರ್ ಮತ್ತು ಬಕೆಟ್‌ಗಳನ್ನು ಬಳಸಿಕೊಳ್ಳಬಹುದು. ಹವಳ ಕೊಳ್ಳುವ ಮೊದಲು ನಿಮ್ಮ ದೇಶದ ವನ್ಯಜೀವಿ ಕಾನೂನನ್ನೂ ವಿಚಾರಿಸಿಕೊಳ್ಳಿ; ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟ್ಸ್ ಎಂಬ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದ ನಿಯಂತ್ರಣದಲ್ಲಿದೆ, ಕೆಲವೆಡೆ ಸಮುದ್ರದಿಂದ ತೆಗೆದ ಹವಳವನ್ನು ಇಟ್ಟುಕೊಳ್ಳುವುದೇ ಅಪರಾಧ. ಮಾರಾಟಗಾರರು ಕಾಗದ ತೋರಿಸದಿದ್ದರೆ ಕೊಳ್ಳಬೇಡಿ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಎಂಜಿನಿಯರ್ ಒಪ್ಪಿದರೆ ಆರು ಅಡಿಯ ತೊಟ್ಟಿಯನ್ನೇ ಕಟ್ಟಿ, ಮೊದಲ ವರ್ಷ ಮೀನು ಮತ್ತು ಮೆದು ಹವಳಗಳಿಗಷ್ಟೇ ಸೀಮಿತವಾಗಿರಬಹುದು. ತಪ್ಪುಗಳೆಲ್ಲ 700 ಲೀಟರಿನ ಬೆಲೆಗೆ ಆಗುತ್ತವೆ ಎಂಬುದು ಇದರ ತೊಂದರೆ. ಅಥವಾ ಅದೇ ತೊಟ್ಟಿಯಲ್ಲಿ ಹವಳವಿಲ್ಲದೆ ಬಂಡೆ ಮತ್ತು ಮೀನು ಮಾತ್ರ ಇಡಬಹುದು. ದೀಪದ ಮತ್ತು ಖನಿಜಗಳ ಖರ್ಚು ತಪ್ಪುತ್ತದೆ, ನೀರಿನ ಕೆಲಸ ತಪ್ಪುವುದಿಲ್ಲ, ಮತ್ತು ನಿಮ್ಮ ಪತ್ರದ ಧಾಟಿ ನೋಡಿದರೆ ಆರನೆಯ ತಿಂಗಳಲ್ಲಿ ನೀವು ಹವಳ ತಂದೇ ತರುತ್ತೀರಿ. ನಾನು ಹೇಳುವುದು ಮೂರನೆಯದು: 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ತೊಟ್ಟಿ. ಸಂಪ್ ಸೇರಿ ಸುಮಾರು 380 ಲೀಟರ್ ನೀರು, ಒಟ್ಟು ಭಾರ 600 ಕೆಜಿಯ ಆಸುಪಾಸು, ವಾರದ ಬದಲಾವಣೆ 40 ಲೀಟರಿಗಿಂತ ಕಡಿಮೆ. ಇದಕ್ಕೂ ಎಂಜಿನಿಯರ್ ಒಪ್ಪಿಗೆ ಬೇಕು. ಹವಳಗಳ ಮಟ್ಟಿಗೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಬ್ಲೂ ಟ್ಯಾಂಗ್ ಆಸೆಯನ್ನು ಮಾತ್ರ ಬಿಡಬೇಕಾಗುತ್ತದೆ.

ಆದರೂ ಆರು ಅಡಿಯದೇ ಬೇಕೆಂದು ಮನಸ್ಸು ಹೇಳುತ್ತಿದ್ದರೆ, ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಮಾಡಿ ನೋಡಿ. ನಾಲ್ಕು ವಾರ, ವಾರಕ್ಕೊಂದು ದಿನ, 70 ಲೀಟರ್ ನೀರನ್ನು ಬಕೆಟ್‌ಗಳಲ್ಲಿ ತುಂಬಿ ತೊಟ್ಟಿ ಬರಬೇಕಾದ ಜಾಗಕ್ಕೆ ಹೊತ್ತೊಯ್ದಿಡಿ. ಹತ್ತು ನಿಮಿಷ ಬಿಟ್ಟು ಅದನ್ನೆಲ್ಲ ಬಚ್ಚಲಿಗೆ ಮರಳಿ ಸುರಿಯಿರಿ. ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ನಾಲ್ಕನೆಯ ವಾರವೂ ಮೊದಲ ವಾರದಷ್ಟೇ ಉತ್ಸಾಹದಿಂದ ಮಾಡಿದ್ದರೆ ಗಾಜಿನವರಿಗೆ ಅಳತೆ ಕೊಡಿ. ನೆಲದ ಮೇಲೆ ಎಲ್ಲೆಲ್ಲಿ ನೀರು ಚೆಲ್ಲಿತೆಂಬುದನ್ನೂ ಗುರುತು ಮಾಡಿಕೊಂಡಿರಿ. ಆ ಜಾಗಗಳ ಸಮೀಪ ಒಂದೂ ಪ್ಲಗ್ ಬರದಂತೆ ಎಲೆಕ್ಟ್ರಿಷಿಯನ್‌ಗೆ ಹೇಳಬೇಕಾಗುತ್ತದೆ.